ಆರು ಚುಕ್ಕಿಗಳ ಲೂಯಿ ಬ್ರೈಲ್: ಕಾಗದದಿಂದ ಕಂಪ್ಯೂಟರಿನವರೆಗೆ

ಪರ್ಕಳ: ಪರ್ಕಳದಲ್ಲಿ ಕುಳಿತು ಮೊಬೈಲಿನಲ್ಲಿ ‘ಕ’ ಎಂದು ಒತ್ತಿದರೆ ಯಂತ್ರವು ಉಳಿಸಿಕೊಳ್ಳುವುದು ಅಕ್ಷರದ ಚಿತ್ರವನ್ನಲ್ಲ, ಒಂದು ಸಂಖ್ಯೆಯನ್ನು. ಅಂಧರು ಬೆರಳಿನಿಂದ ಓದುವ ಬ್ರೈಲ್ ಚುಕ್ಕಿಗಳಿಗೂ ಇಂಥದೇ ಸಂಖ್ಯೆಗಳಿವೆ. ಆದರೆ ಅಕ್ಷರದ ಆಕಾರವನ್ನು ಬಿಟ್ಟು ಸಂಕೇತವನ್ನು ಹಿಡಿದ ಆ ಯೋಚನೆ ಕಂಪ್ಯೂಟರಿಗಿಂತ ನೂರು ವರ್ಷಕ್ಕೂ ಹಳೆಯದು. ಅದು ಹದಿನೈದರ ಹರೆಯದ ಅಂಧ ವಿದ್ಯಾರ್ಥಿಯದು.

ಲೂಯಿ ಬ್ರೈಲ್ ಜನಿಸಿದ್ದು 1809ರ ಜನವರಿ 4ರಂದು, ಪ್ಯಾರಿಸ್ ನಗರದ ಪೂರ್ವಕ್ಕಿರುವ ಕೂಪ್ರೇ ಗ್ರಾಮದಲ್ಲಿ. ತಂದೆ ಕುದುರೆಗಳಿಗೆ ಜೀನು ಮಾಡುವ ಚರ್ಮದ ಕುಶಲಕರ್ಮಿ. ಮೂರು ವರ್ಷದ ಲೂಯಿ ತಂದೆಯ ಕೆಲಸದ ಕೋಣೆಯಲ್ಲಿ ಆಡುತ್ತಿದ್ದಾಗ ಚೂಪಾದ ಉಪಕರಣವೊಂದು ಕಣ್ಣಿಗೆ ಚುಚ್ಚಿತು. ಸೋಂಕು ಇನ್ನೊಂದು ಕಣ್ಣಿಗೂ ಹರಡಿ, ಐದನೇ ವಯಸ್ಸಿಗೆ ದೃಷ್ಟಿ ಪೂರ್ತಿ ಹೋಯಿತು. 1819ರಲ್ಲಿ ಬಾಲಕನನ್ನು ಪ್ಯಾರಿಸ್‌ನ ಅಂಧಮಕ್ಕಳ ಶಾಲೆಗೆ ಸೇರಿಸಲಾಯಿತು.

ಅಲ್ಲಿ ಪುಸ್ತಕಗಳಿದ್ದವು. ಆದರೆ ಅವು ಮಾಮೂಲಿ ಅಕ್ಷರಗಳನ್ನೇ ಉಬ್ಬಿಸಿ ಅಚ್ಚೊತ್ತಿದ ಭಾರದ ಸಂಪುಟಗಳು. ಬೆರಳು ಒಂದೊಂದು ಅಕ್ಷರದ ಗೆರೆಯನ್ನೂ ತಡಕಬೇಕಿತ್ತು. ಹಾಗೆ ಬರೆಯುವುದಂತೂ ಮಕ್ಕಳ ಕೈಲಾಗುತ್ತಿರಲಿಲ್ಲ. ಈ ನಡುವೆ ಸೇನೆಯಲ್ಲಿದ್ದ ಚಾರ್ಲ್ಸ್ ಬಾರ್ಬಿಯೇ ರೂಪಿಸಿದ ಚುಕ್ಕಿ ಬರಹ ಶಾಲೆಗೆ ಬಂತು. ಒಂದು ಸಂಕೇತಕ್ಕೆ 12 ಚುಕ್ಕಿಗಳವರೆಗೆ ಜಾಗ. ಅದು ಒಂದೇ ಬೆರಳ ತುದಿಗೆ ಒಗ್ಗದು. ಮೇಲಾಗಿ ಅದು ಉಚ್ಚಾರಣೆಯನ್ನಷ್ಟೇ ದಾಖಲಿಸುತ್ತಿತ್ತು. ನುಡಿದಂತೆ ಬರೆಯುವ ಕನ್ನಡಕ್ಕೆ ಅದು ದೊಡ್ಡ ಕೊರತೆ ಎನಿಸದು, ಫ್ರೆಂಚಿಗೆ ಹಾಗಲ್ಲ.

ಲೂಯಿ 1824ರ ಹೊತ್ತಿಗೆ ಚುಕ್ಕಿಗಳನ್ನು ಆರಕ್ಕಿಳಿಸಿದರು. ಎಡಗಡೆ ಮೂರು, ಬಲಗಡೆ ಮೂರು. ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ. ಖಾಲಿ ಜಾಗವೂ ಸೇರಿ 64 ವಿನ್ಯಾಸಗಳು. 1829ರಲ್ಲಿ ವಿವರಣೆಯನ್ನು ಪ್ರಕಟಿಸಿದರು. ಅದೇ ಶಾಲೆಯಲ್ಲಿ ಶಿಕ್ಷಕರಾದರು, ಚರ್ಚಿನಲ್ಲಿ ಆರ್ಗನ್ ನುಡಿಸಿದರು, ಸಂಗೀತವನ್ನೂ ಚುಕ್ಕಿಗಳಿಗೆ ಇಳಿಸಿದರು. ವಿದ್ಯಾರ್ಥಿಗಳು ಈ ಲಿಪಿಯನ್ನು ಕೂಡಲೇ ಒಪ್ಪಿದರೂ ಕಣ್ಣಿದ್ದ ಆಡಳಿತಗಾರರು ಒಪ್ಪಲಿಲ್ಲ. 1840ರ ದಶಕದಲ್ಲಿ ಕೆಲಕಾಲ ನಿಷೇಧವೂ ಇತ್ತು. ತಮಗೆ ಓದಲು ಬಾರದ ಲಿಪಿಯನ್ನು ಮಕ್ಕಳು ಓದುವುದು ಅವರಿಗೆ ಸಹ್ಯವಾಗಿರಲಿಲ್ಲವೋ ಏನೋ. ಕ್ಷಯರೋಗದಿಂದ ಬಳಲಿದ ಲೂಯಿ 1852ರ ಜನವರಿ 6ರಂದು, 43ನೇ ವಯಸ್ಸಿನಲ್ಲಿ ನಿಧನರಾದರು. ಅವರ ಶಾಲೆಯೇ ಲಿಪಿಯನ್ನು ಅಧಿಕೃತಗೊಳಿಸಿದ್ದು ಎರಡು ವರ್ಷಗಳ ನಂತರ.

ಭಾರತೀಯ ಭಾಷೆಗಳಿಗೆ ಒಂದೇ ತಳಹದಿಯ ಭಾರತಿ ಬ್ರೈಲ್ 1951ರಲ್ಲಿ ಅಂಗೀಕಾರವಾಯಿತು. ಕನ್ನಡದ ‘ಅ’ಗೆ ಒಂದನೇ ಚುಕ್ಕಿ, ‘ಕ’ಗೆ ಒಂದು ಮತ್ತು ಮೂರನೇ ಚುಕ್ಕಿ.

1999ರಲ್ಲಿ ಯೂನಿಕೋಡ್ ತನ್ನ ಮೂರನೇ ಆವೃತ್ತಿಯಲ್ಲಿ ಬ್ರೈಲ್ ವಿನ್ಯಾಸಗಳನ್ನು ಸೇರಿಸಿತು. ಕಂಪ್ಯೂಟರ್ ಬಳಕೆಗೆಂದು ಕೆಳಗೆ ಇನ್ನೆರಡು ಚುಕ್ಕಿಗಳು ಕೂಡಿದ್ದರಿಂದ ಒಟ್ಟು 256. ಲೆಕ್ಕ ಸರಳ. ಆರು ಚುಕ್ಕಿಗಳಿಗೆ ಕ್ರಮವಾಗಿ 1, 2, 4, 8, 16, 32 ಬೆಲೆ. ಎಂಟರವರೆಗೆ ಹೋದರೆ 64, 128. ಎದ್ದ ಚುಕ್ಕಿಗಳ ಬೆಲೆ ಕೂಡಿಸಿದರೆ ಆಯಿತು. ‘ಕ’ದ್ದು 1 ಮತ್ತು 4 ಸೇರಿ 5, ಖಾಲಿ ಮನೆಯ ಸಂಕೇತ 2800 ಆದ್ದರಿಂದ ಇದರದು 2805.

ತೊಡಕಿರುವುದು ಇಲ್ಲಿ. ಇಂಗ್ಲಿಷಿನ ‘ಕೆ’ ಅಕ್ಷರಕ್ಕೂ ಅದೇ 2805. ಯೂನಿಕೋಡ್ ಗುರುತಿಸುವುದು ಚುಕ್ಕಿಗಳನ್ನು, ಭಾಷೆಯನ್ನಲ್ಲ. ಭಾಷೆ ಯಾವುದೆಂದು ತಿಳಿಸದೆ ಬ್ರೈಲ್ ಕಡತವೊಂದನ್ನು ಕಳುಹಿಸಿದರೆ ಕನ್ನಡ ವಾಕ್ಯವನ್ನು ಯಂತ್ರವು ಇಂಗ್ಲಿಷಾಗಿ ಬಿಡಿಸಲೂಬಹುದು. ಒತ್ತಕ್ಷರದಲ್ಲಿ ಮತ್ತೊಂದು ಕಷ್ಟ: ‘ಕ್ರ’ ಬರೆಯುವಾಗ ಕಂಪ್ಯೂಟರಿನ ಕನ್ನಡದಲ್ಲಿ ಹಲಂತ ಚಿಹ್ನೆ ‘ಕ’ದ ನಂತರ ಬಂದರೆ, ಭಾರತಿ ಬ್ರೈಲ್‌ನಲ್ಲಿ ಅದು ‘ಕ’ದ ಮೊದಲೇ ಬರುತ್ತದೆ. ಹೀಗಾಗಿ ಅಕ್ಷರಕ್ಕೆ ಅಕ್ಷರ ಬದಲಿಸಿದರೆ ಸಾಲದು, ಭಾಷೆಯ ನಿಯಮ ಬಲ್ಲ ತಂತ್ರಾಂಶವೇ ಬೇಕು. ಆ ಕೆಲಸಕ್ಕೆ ಹಲವು ಕಡೆ ಬಳಕೆಯಲ್ಲಿರುವ, ಕನ್ನಡದ ನಿಯಮಗಳನ್ನೂ ಒಳಗೊಂಡ ಮುಕ್ತ ತಂತ್ರಾಂಶದ ಹೆಸರು ಲಿಬ್‌ಲೂಯಿ. ಅದರಲ್ಲಿರುವುದು ಕೂಪ್ರೇಯ ಲೂಯಿಯ ಹೆಸರೇ.