ಮಿಂಚಂಚೆಗೆ ನಿಯಮ ಬರೆದ ಜಾನ್ ಪೋಸ್ಟೆಲ್

ಲೋಕದ ಯಾವ ಮೂಲೆಗಾದರೂ ಕ್ಷಣಾರ್ಧದಲ್ಲಿ ಪತ್ರ ತಲುಪಿಸುವ ಇ-ಮೇಲ್ ಸೌಕರ್ಯಕ್ಕೂ, ಬ್ಯಾಂಕಿನ ಹೆಸರು ಹೊತ್ತು ಬರುವ ನಕಲಿ ಪತ್ರಗಳ ಕಾಟಕ್ಕೂ ಬೇರು ಒಂದೇ. ಅದು 1982ರಲ್ಲಿ ಜೊನಾಥನ್ ಪೋಸ್ಟೆಲ್ ರೂಪಿಸಿದ ಎಸ್‌ಎಂಟಿಪಿ ಎಂಬ ಪತ್ರ ರವಾನೆಯ ನಿಯಮಾವಳಿ.

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಆಲ್ಟಡೀನಾದಲ್ಲಿ 1943ರ ಆಗಸ್ಟ್ 6ರಂದು ಜನಿಸಿದ ಪೋಸ್ಟೆಲ್, ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ವ್ಯಾಸಂಗ ಮಾಡಿ 1974ರಲ್ಲಿ ಡಾಕ್ಟರೇಟ್ ಪಡೆದರು. ಅಂತರ್ಜಾಲದ ಪೂರ್ವರೂಪವಾದ ಅರ್ಪಾನೆಟ್‌ನ ಮೊದಲ ಕೇಂದ್ರ 1969ರಲ್ಲಿ ಸ್ಥಾಪನೆಯಾದದ್ದು ಅಲ್ಲಿಯೇ. ಅದೇ ವರ್ಷ ಆರಂಭವಾದ ಆರ್‌ಎಫ್‌ಸಿ ಎಂಬ ತಾಂತ್ರಿಕ ಟಿಪ್ಪಣಿಗಳ ಮಾಲೆಗೆ ಅವರು ಕೊನೆಯುಸಿರಿನವರೆಗೂ ಸಂಪಾದಕರಾಗಿದ್ದರು.

ಎಸ್‌ಎಂಟಿಪಿ ರಚನೆಯಾದಾಗ ಜಾಲದಲ್ಲಿದ್ದದ್ದು ಕೆಲವೇ ನೂರು ಕಂಪ್ಯೂಟರುಗಳು. ಬಳಕೆದಾರರಲ್ಲಿ ಬಹುಪಾಲು ಸಂಶೋಧಕರು. ಆದರೆ ಯಂತ್ರಗಳು ಮಾತ್ರ ಒಂದರಂತೆ ಇನ್ನೊಂದಿರಲಿಲ್ಲ. ಆದ್ದರಿಂದ ಪೋಸ್ಟೆಲ್ ಸರಳತೆಯನ್ನು ಆಯ್ದುಕೊಂಡರು. ಆದೇಶಗಳೆಲ್ಲವೂ ಓದಬಲ್ಲ ಇಂಗ್ಲಿಷ್ ಪದಗಳು ಇಲ್ಲವೇ ಅವುಗಳ ಸಂಕ್ಷಿಪ್ತ ರೂಪಗಳು. ಯಾವ ಯಂತ್ರಕ್ಕಾದರೂ ಅಳವಡಿಸುವುದು ಸುಲಭ. ಇ-ಮೇಲ್ ಜಗದಗಲ ಹಬ್ಬಲು ಈ ಸರಳತೆ ಬಹುಮಟ್ಟಿಗೆ ಕಾರಣವಾಯಿತು.

ಅದಕ್ಕೆ ತೆತ್ತ ಬೆಲೆಯೂ ಕಡಿಮೆಯದಲ್ಲ. ಅಂಚೆ ಕಾರ್ಡಿನ ‘ಇಂದ’ ಜಾಗದಲ್ಲಿ ಯಾರ ಹೆಸರನ್ನಾದರೂ ಬರೆಯಬಹುದಾದಂತೆ, ಇಲ್ಲಿಯೂ ಕಳುಹಿಸಿದವರ ವಿಳಾಸ ನಿಜವೇ ಎಂದು ಪರಿಶೀಲಿಸುವ ಏರ್ಪಾಡಿರಲಿಲ್ಲ. ಅಪಾಯದ ಅರಿವು ಪೋಸ್ಟೆಲ್‌ಗೆ ಇರಲಿಲ್ಲವೆಂದಲ್ಲ. ಬೇಡದ ಸಂದೇಶಗಳನ್ನು ಆಯ್ದು ನಿರಾಕರಿಸುವ ಉಪಾಯ ಜಾಲದಲ್ಲಿಲ್ಲವೆಂದು 1975ರಷ್ಟು ಹಿಂದೆಯೇ ಅವರು ಟಿಪ್ಪಣಿ ಬರೆದಿದ್ದರು. ವಿಳಾಸದ ಸಾಚಾತನ ಪರೀಕ್ಷಿಸುವ ಎಸ್‌ಪಿಎಫ್‌ನಂತಹ ಕ್ರಮಗಳು ಆರ್‌ಎಫ್‌ಸಿ ಮಾಲೆಯಲ್ಲಿ ಪ್ರಕಟವಾದದ್ದು 2006ರಲ್ಲಿ.

ಮೂಲ ನಿಯಮಾವಳಿ 128 ಸಂಕೇತಗಳಿಗೆ ಸೀಮಿತವಾಗಿತ್ತು. ಅದರಲ್ಲಿ ಕನ್ನಡದ ಅಕ್ಷರಗಳಿಗೆ ಸ್ಥಳವಿರಲಿಲ್ಲ. 1992ರಲ್ಲಿ ಬಂದ ಮೈಮ್ ವಿಧಾನವು ಅನ್ಯ ಲಿಪಿಗಳನ್ನೂ ಚಿತ್ರಗಳನ್ನೂ ಅದೇ ಸಂಕೇತಗಳೊಳಗೆ ಅಡಕಗೊಳಿಸಿ ಸಾಗಿಸಿತು. ವಿಳಾಸದಲ್ಲಿಯೇ ಇಂತಹ ಲಿಪಿ ಬಳಸಲು 2012ರ ನಿಯಮ ದಾರಿ ತೆರೆಯಿತು.

ಕಳುಹಿಸುವಾಗ ಕಟ್ಟುನಿಟ್ಟು, ಸ್ವೀಕರಿಸುವಾಗ ಉದಾರತೆ ಎಂಬುದು ಪೋಸ್ಟೆಲ್ ಹಾಕಿಕೊಟ್ಟ ಪ್ರಸಿದ್ಧ ಸೂತ್ರ. ಭಿನ್ನ ತಂತ್ರಾಂಶಗಳು ಪರಸ್ಪರ ಹೊಂದಿಕೊಂಡು ನಡೆಯಲು ಅದು ನೆರವಾಯಿತು. ಆದರೆ ತಪ್ಪುಗಳನ್ನು ಸಹಿಸುತ್ತಾ ಹೋದರೆ ಅವೇ ರೂಢಿಯಾಗಿಬಿಡುತ್ತವೆ ಎಂದು 2023ರಲ್ಲಿ ಪ್ರಕಟವಾದ ಆರ್‌ಎಫ್‌ಸಿ ಎಚ್ಚರಿಸಿತು. ಸಂಪಾದಕರ ಸೂತ್ರವನ್ನೇ ಪ್ರಶ್ನಿಸುವ ಬರಹಕ್ಕೆ ಅವರು ಬೆಳೆಸಿದ ಮಾಲೆಯಲ್ಲಿಯೇ ಎಡೆ ದೊರೆತದ್ದು ಗಮನಾರ್ಹ.

ಜಾಲದ ಸಂಖ್ಯೆ ಮತ್ತು ಹೆಸರುಗಳ ಹಂಚಿಕೆಯ ಹೊಣೆಯನ್ನೂ ಪೋಸ್ಟೆಲ್ ದೀರ್ಘಕಾಲ ನಿರ್ವಹಿಸಿದರು. ಆ ಹೊಣೆ ವಹಿಸಿಕೊಳ್ಳಲೆಂದು ಐಕ್ಯಾನ್ ಸಂಸ್ಥೆ ಸ್ಥಾಪನೆಯಾದ ಕೆಲವೇ ದಿನಗಳಲ್ಲಿ, 1998ರ ಅಕ್ಟೋಬರ್ 16ರಂದು, ಹೃದಯದ ತೊಂದರೆಯಿಂದ ತಮ್ಮ 55ನೇ ವಯಸ್ಸಿನಲ್ಲಿ ನಿಧನರಾದರು. ಪರಸ್ಪರ ಬಲ್ಲವರ ಪುಟ್ಟ ಬಳಗಕ್ಕೆಂದು ಅವರು ಬರೆದ ನಿಯಮವೇ, ಹಲವು ತಿದ್ದುಪಡಿಗಳೊಂದಿಗೆ, ಇಂದು ಅಪರಿಚಿತರಿಂದ ತುಂಬಿದ ಜಗತ್ತಿನ ಪತ್ರಗಳನ್ನೂ ಹೊತ್ತು ಸಾಗುತ್ತಿದೆ.