ಶಿಶುವಿಹಾರದ ಎಂ.ಎ. ಮೇಷ್ಟ್ರು: ಜಿ.ಪಿ. ರಾಜರತ್ನಂ

ಹಾಸನದ ಅಂಗನವಾಡಿಗಳಲ್ಲಾಗಲಿ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ತಾಲ್ಲೂಕುಗಳ ಹಳ್ಳಿಶಾಲೆಗಳಲ್ಲಾಗಲಿ ಬಣ್ಣದ ತುತ್ತೂರಿಯ ಪದ್ಯವನ್ನು ಕೇಳದೆ ಬೆಳೆದ ಮಗು ಅಪರೂಪ. ತಲೆಮಾರುಗಳಿಂದ ಅದು ಕನ್ನಡಿಗರ ನಾಲಿಗೆಯ ಮೇಲಿದೆ. ಆದರೆ ಆ ಪದ್ಯ ಹುಟ್ಟಿದ್ದು ಅಕ್ಷರ ಕಲಿಯುತ್ತಿದ್ದ ಎಳೆಯರ ತರಗತಿಯೊಂದರ ಅಗತ್ಯದಿಂದ ಎಂಬ ಸಂಗತಿ ಅಷ್ಟಾಗಿ ನೆನಪಿನಲ್ಲಿ ಉಳಿದಿಲ್ಲ. ಅದನ್ನು ಬರೆದ ಜಿ.ಪಿ. ರಾಜರತ್ನಂ ಅವರ ಬಾಳನ್ನು ತಿಳಿದವರಿಗೆ, ಮಗುವಿನ ಕೈಗೆ ಕೊಡುವ ಮೊದಲ ಪುಸ್ತಕ ಹೇಗಿರಬೇಕು ಎಂಬ ಪ್ರಶ್ನೆಗೂ ಉತ್ತರ ಸಿಗುತ್ತದೆ.

ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ರಾಮನಗರದಲ್ಲಿ ಜನಿಸಿದ ರಾಜರತ್ನಂ ಅವರದು ಗುಂಡ್ಲು ಪಂಡಿತರ ಮನೆತನ. ಹೆಸರಿನ ಹಿಂದಿರುವ ಎರಡು ಅಕ್ಷರಗಳು ಆ ಮನೆತನದ ಗುರುತು. ತಂದೆ ಮಕ್ಕಳಿಗೆ ಪಾಠ ಹೇಳುವ ಉಪಾಧ್ಯಾಯರು. ರಾಜ ಅಯ್ಯಂಗಾರ್ ಆಗಿದ್ದ ಹುಡುಗ ಶಾಲೆಯ ದಿನಗಳಲ್ಲೇ ರಾಜರತ್ನಂ ಎಂದಾದರು. 1931ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದಿಂದ ಕನ್ನಡದಲ್ಲಿ ಎಂ.ಎ. ಪದವಿ ಪಡೆದರು. ಅಲ್ಲಿ ಕನ್ನಡ ಎಂ.ಎ. ತರಗತಿಗಳು ಆರಂಭವಾಗಿ ಆಗಿನ್ನೂ ಕೆಲವೇ ವರ್ಷಗಳಾಗಿದ್ದವು. ಪದವಿ ಹೊಸದು, ಗೌರವವೂ ದೊಡ್ಡದು. ಕೆಲಸ ಮಾತ್ರ ಸಿಗಲಿಲ್ಲ.

ನಿರುದ್ಯೋಗದ ಆ ದಿನಗಳಲ್ಲಿ ಅವರು ತಂದೆ ನಡೆಸುತ್ತಿದ್ದ ಶಿಶುವಿಹಾರದಲ್ಲಿ ಮಕ್ಕಳಿಗೆ ಪಾಠ ಹೇಳತೊಡಗಿದರು. ಪಂಪ, ರನ್ನರನ್ನು ಓದಿ ಬಂದ ತರುಣನ ಎದುರು ಈಗ ಕುಳಿತಿದ್ದವರು ಸ್ಲೇಟು ಬಳಪ ಹಿಡಿದ ಪುಟಾಣಿಗಳು. ಪಠ್ಯಪುಸ್ತಕದಲ್ಲಿದ್ದ ಪದ್ಯಗಳು ಮಕ್ಕಳಿಗೆ ಹಿಡಿಸಲಿಲ್ಲ, ಮೇಷ್ಟ್ರಿಗೂ ಹಿಡಿಸಲಿಲ್ಲ. ಬೇರೆಯವರಾಗಿದ್ದರೆ ಪಠ್ಯವನ್ನು ಬೈದುಕೊಂಡು ಪಾಠ ಮುಂದುವರಿಸುತ್ತಿದ್ದರೇನೋ. ರಾಜರತ್ನಂ ಆ ತರಗತಿಗೆ ಬೇಕಾದ ಪದ್ಯಗಳನ್ನು ತಾವೇ ಬರೆದರು. ಹಾಗೆ ಬಂದ ಸಂಕಲನವೇ ‘ತುತ್ತೂರಿ’. ಅನಂತರ ‘ಕಡಲೆಪುರಿ’, ‘ಗುಲಗಂಜಿ’ಯಂಥ ಪುಸ್ತಕಗಳು ಬಂದವು. ಹೆಸರುಗಳನ್ನು ನೋಡಿದರೂ ಸಾಕು, ಅವೆಲ್ಲ ಮಗುವಿನ ಅಂಗೈಯಲ್ಲಿ ಹಿಡಿಸುವ ವಸ್ತುಗಳು.

ತುತ್ತೂರಿಯ ಪದ್ಯವನ್ನು ಓದು ಕಲಿಸುವವರ ಕಣ್ಣಿನಿಂದ ನೋಡಿದರೆ ಅದರ ಜಾಣ್ಮೆ ತಿಳಿಯುತ್ತದೆ. ಕಸ್ತೂರಿ ಎಂಬ ಹುಡುಗ ತಗಡಿನ ತುತ್ತೂರಿ ಕೊಳ್ಳುತ್ತಾನೆ, ಊದುತ್ತಾನೆ, ಜಂಬ ಪಡುತ್ತಾನೆ. ಅದು ನೀರಿಗೆ ಬೀಳುತ್ತದೆ, ದನಿ ಕೆಡುತ್ತದೆ, ಬಣ್ಣ ಹೋಗುತ್ತದೆ. ಹದಿನಾರು ಪುಟ್ಟ ಸಾಲುಗಳಲ್ಲಿ ಆದಿ, ಅಂತ್ಯಗಳಿರುವ ಒಂದು ಕಥೆ ಮುಗಿಯುತ್ತದೆ. ನೀತಿಯನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಇದರ ನಡುವೆ ಸರಿಗಮ ಮುಂದಕ್ಕೂ ಹಿಂದಕ್ಕೂ ಬರುತ್ತದೆ. ಅವೆಲ್ಲ ಒತ್ತಿಲ್ಲದ ಸರಳ ಅಕ್ಷರಗಳು. ಬಾಯಿಪಾಠದ ಬಲದಿಂದ ಮುಂದಕ್ಕೆ ಹೇಳಿದ ಮಗು ಹಿಂದಕ್ಕೆ ಬರುವಾಗ ಪ್ರತಿ ಅಕ್ಷರವನ್ನೂ ನೋಡಿ ಗುರುತಿಸಲೇಬೇಕು. ತುತ್ತೂರಿ ಕೆಟ್ಟ ಮೇಲೆ ಒಂದೇ ಗಕಾರ ಮತ್ತೆ ಮತ್ತೆ ಬರುತ್ತದೆ. ನಗುತ್ತಲೇ ಆ ಅಕ್ಷರ ಮನಸ್ಸಿನಲ್ಲಿ ನಾಟುತ್ತದೆ. ಪದ್ಯದ ಒತ್ತಕ್ಷರಗಳಲ್ಲಿ ಹೆಚ್ಚಿನವು ಣಕಾರಕ್ಕೆ ಣಕಾರ, ತಕಾರಕ್ಕೆ ತಕಾರದ ಸಜಾತೀಯ ಒತ್ತುಗಳು. ಮಹಾಪ್ರಾಣಗಳ ಕಾಟ ಇಲ್ಲವೆನ್ನುವಷ್ಟು ಕಡಿಮೆ. ಮೊದಲ ಓದಿಗೆ ತಕ್ಕ ಪಾಠಕ್ಕೆ ಬೇಕಾದ ಗುಣಗಳೆಲ್ಲ ಅಲ್ಲಿವೆ.

ನಾಯಿಮರಿಯ ಪದ್ಯದ್ದು ಇನ್ನೊಂದು ಬಗೆ. ಅದು ಮಗುವಿಗೂ ನಾಯಿಮರಿಗೂ ನಡೆಯುವ ಸಂಭಾಷಣೆ. ಒಬ್ಬರು ಕೇಳಬೇಕು, ಇನ್ನೊಬ್ಬರು ಉತ್ತರಿಸಬೇಕು. ಬೇಕು ಎಂಬ ಒಂದೇ ಮಾತು ಪ್ರಶ್ನೆಯಲ್ಲೂ ಉತ್ತರದಲ್ಲೂ ಮರುಕಳಿಸುತ್ತದೆ. ಒಂದು ಸಾಲಿನಲ್ಲಿ ಕಂಡ ಪದವನ್ನು ಮುಂದಿನ ಸಾಲಿನಲ್ಲಿ ಗುರುತಿಸಿದಾಗ ಮಗುವಿಗೆ ತನಗೂ ಓದಲು ಬರುತ್ತದೆ ಎಂಬ ಧೈರ್ಯ ಹುಟ್ಟುತ್ತದೆ. ಓದು ಕಲಿಯುವುದರಲ್ಲಿ ಈ ಧೈರ್ಯದ ಪಾಲು ದೊಡ್ಡದು.

ಆಡುಮಾತಿಗೂ ಪುಸ್ತಕದ ಭಾಷೆಗೂ ಇರುವ ಅಂತರವನ್ನು ಅವರಷ್ಟು ಬಲ್ಲವರು ವಿರಳ. ಹಳೆಯ ಮೈಸೂರು ಸೀಮೆಯ ಹಳ್ಳಿಗಳ ಮಗು ಮನೆಯಲ್ಲಿ ಹಾಲನ್ನು ಆಲು ಎಂದೂ ಹಾವನ್ನು ಆವು ಎಂದೂ ಅಂದು, ಶಾಲೆಗೆ ಬಂದೊಡನೆ ಪುಸ್ತಕದ ಹಕಾರದ ಮುಂದೆ ತಡವರಿಸುತ್ತದೆ. ಹೆಂಡವನ್ನೇ ಮುಟ್ಟದ ರಾಜರತ್ನಂ ‘ರತ್ನನ ಪದಗಳು’ ಸಂಕಲನದಲ್ಲಿ ಕುಡುಕ ರತ್ನನ ಬಾಯಲ್ಲಿ ಆ ಆಡುಮಾತನ್ನೇ ಕಾವ್ಯವಾಗಿಸಿದರು. ಮಕ್ಕಳಿಗೆ ಬರೆಯುವಾಗ ಮಾತ್ರ ಅವರು ಮನೆಗೂ ಶಾಲೆಗೂ ಸಲ್ಲುವ ಪದಗಳನ್ನು ಆಯ್ದುಕೊಂಡರು. ನೀರು, ಮನೆ, ತಿಂಡಿ, ಕಳ್ಳ ಎಂಬ ಮಾತುಗಳು ಅರಕಲಗೂಡಿನ ಹೊಲದ ಬದುವಿನಲ್ಲೂ ಬೆಂಗಳೂರಿನ ಬಡಾವಣೆಯಲ್ಲೂ ಒಂದೇ.

ಈ ದಾರಿಯಲ್ಲಿ ಅವರು ಮೊದಲಿಗರೇನಲ್ಲ. ಕರಾವಳಿಯಲ್ಲಿ ಪಂಜೆ ಮಂಗೇಶರಾಯರು 1921ರಲ್ಲೇ ಮಂಗಳೂರಿನಲ್ಲಿ ಬಾಲಸಾಹಿತ್ಯ ಮಂಡಲವನ್ನು ಕಟ್ಟಿ ಮಕ್ಕಳಿಗಾಗಿ ಕಥೆ, ಹಾಡುಗಳನ್ನು ಕೊಟ್ಟಿದ್ದರು. ಹೊರದೇಶದ ಒಂದು ನಿದರ್ಶನವನ್ನೂ ಇಲ್ಲಿ ನೆನೆಯಬಹುದು. ಅಮೆರಿಕದ ಶಾಲೆಗಳ ಮೊದಲ ಪುಸ್ತಕಗಳು ನೀರಸವಾಗಿವೆ ಎಂಬ ದೂರು ಎದ್ದ ಮೇಲೆ ಡಾ. ಸ್ಯೂಸ್ ಎಂಬ ಲೇಖಕ 236 ಪದಗಳನ್ನಷ್ಟೇ ಬಳಸಿ ಟೋಪಿ ತೊಟ್ಟ ಬೆಕ್ಕಿನ ಕಥೆ ಬರೆದದ್ದು 1957ರಲ್ಲಿ. ಅದು ಜಗತ್ತಿನಲ್ಲೆಲ್ಲ ಹೆಸರಾಯಿತು. ಅಂಥದೇ ಕೊರತೆಗೆ ಕನ್ನಡದ ಶಿಶುವಿಹಾರದ ಮೇಷ್ಟ್ರೊಬ್ಬರು ಅದಕ್ಕಿಂತ ಬಹಳ ಮೊದಲೇ ಉತ್ತರ ಕಂಡುಕೊಂಡಿದ್ದರು.

ಶಿಶುವಿಹಾರದ ಕೆಲಸದಿಂದ ಹೊಟ್ಟೆ ತುಂಬುವಂತಿರಲಿಲ್ಲ. ಉದ್ಯೋಗ ಅರಸಿ ಅವರು ಹೈದರಾಬಾದಿನ ಕಡೆಗೂ ಹೋದರು. ಕನ್ನಡದ ಸೇವೆಗೇ ನಿಲ್ಲುವಂತೆ ತಿಳಿಹೇಳಿದವರು ಮಾಸ್ತಿ ವೆಂಕಟೇಶ ಅಯ್ಯಂಗಾರ್. ಆ ಮಾತು ಅವರ ಬಾಳಿನ ದಿಕ್ಕನ್ನು ನಿರ್ಧರಿಸಿತು. ಮುಂದೆ ಕಾಲೇಜುಗಳಲ್ಲಿ ಕನ್ನಡ ಅಧ್ಯಾಪಕರಾಗಿ ಹಲವು ಊರುಗಳಲ್ಲಿ ದುಡಿದರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘದ ಮೂಲಕ ಎಳೆಯ ಬರಹಗಾರರನ್ನು ಬೆಳೆಸಿದರು. ಪಾಲಿ ಭಾಷೆಯನ್ನು ಕಲಿತು ಬೌದ್ಧ ಸಾಹಿತ್ಯವನ್ನು ಕನ್ನಡಕ್ಕೆ ತಂದರು, ಜೈನ ಸಾಹಿತ್ಯವನ್ನೂ ಪರಿಚಯಿಸಿದರು, ಶಾಕ್ಯ ಸಾಹಿತ್ಯ ಮಂಟಪ ಎಂಬ ಪ್ರಕಾಶನವನ್ನು ನಡೆಸಿದರು. ಪುಸ್ತಕದ ಗಂಟು ಹೊತ್ತು ಓದುಗರ ಬಳಿಗೆ ತಾವೇ ಹೋಗಿ ಮಾರಿದರು. ಓದುವವರಿಲ್ಲ ಎಂದು ಕೊರಗುತ್ತ ಕುಳಿತುಕೊಳ್ಳುವುದು ಅವರ ಜಾಯಮಾನವಾಗಿರಲಿಲ್ಲ.

ಇಷ್ಟು ದೊಡ್ಡ ವಿದ್ವತ್ತಿನ ನಡುವೆಯೂ ಮಕ್ಕಳ ಪದ್ಯ ಅವರಿಗೆ ಬಿಡುವಿನ ವಿನೋದವಾಗಲಿಲ್ಲ. ಧಮ್ಮಪದವನ್ನು ಕನ್ನಡಿಸಿದ ಲೇಖನಿಯೇ ನಾಯಿಮರಿಯ ಬೊಗಳುವಿಕೆಯನ್ನೂ ಬರೆಯಿತು. ನಾಡು ಅವರನ್ನು 1978ರಲ್ಲಿ ದೆಹಲಿಯಲ್ಲಿ ನಡೆದ 50ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರನ್ನಾಗಿ ಗೌರವಿಸಿತು. ಮರುವರ್ಷ, 1979ರ ಮಾರ್ಚ್ 13ರಂದು ಅವರು ತೀರಿಕೊಂಡರು.

ಅವರ ಪದ್ಯಗಳು ಉಳಿದವು, ಆದರೆ ಬಹುಮಟ್ಟಿಗೆ ಹಾಡುಗಳಾಗಿ. ಅಭಿನಯದೊಡನೆ ಹಾಡಿಸಿ ಮುಗಿಸಿದರೆ ಅವುಗಳ ಅರ್ಧ ಪ್ರಯೋಜನವಷ್ಟೇ ಸಂದಂತೆ. ಕಾಗುಣಿತ ಒಪ್ಪಿಸಬಲ್ಲ, ಆದರೆ ಎರಡು ಸಾಲು ಓದಲಾರದ ಮಕ್ಕಳು ಇಂದಿಗೂ ಇದ್ದಾರೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ ನಲಿ ಕಲಿ ಪದ್ಧತಿ ಹಾಡು, ಕಥೆ, ಆಟಗಳ ಮೂಲಕ ಕಲಿಸಲು ಹೊರಟದ್ದು ಈ ತೊಡಕನ್ನು ಕಂಡೇ. ಮನೆಯಲ್ಲಿ ಹಿರಿಯರು ಮಾಡಬಹುದಾದ ಕೆಲಸವೂ ಸುಲಭದ್ದೇ. ಮಗುವಿಗೆ ಬಾಯಿಗೆ ಬರುವ ಪದ್ಯದ ಪುಟವನ್ನು ಅದರ ಮುಂದಿಟ್ಟು, ಒಂದೊಂದು ಪದದ ಕೆಳಗೂ ಬೆರಳಿಡಿಸುತ್ತ ನಿಧಾನವಾಗಿ ಹೇಳಿಸಿದರೆ ನಾಲಿಗೆಗೆ ಗೊತ್ತಿರುವುದನ್ನು ಕಣ್ಣು ಹುಡುಕಿಕೊಳ್ಳುತ್ತದೆ. ಶಿಶುವಿಹಾರದ ಮೇಷ್ಟ್ರು ಆ ಪದ್ಯಗಳನ್ನು ಬರೆದದ್ದೂ ಎಳೆಯರ ಇಂಥ ಕಲಿಕೆಗಾಗಿಯೇ.