ಪಂಡಿತ ತಾರಾನಾಥರನ್ನು ನೆನೆಯುತ್ತಾ

ನಮ್ಮ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಸಂಭ್ರಮದಲ್ಲಿ ಸಂಚಿಕೆಗೆ ಏನಾದರೂ ಬರೆಯಲೇಬೇಕು ಎಂದು ಅಧ್ಯಕ್ಷರು ಹಟ ಹಿಡಿದರು. ನಾನು ಎಸ್ಸೆಸ್ಸೆಲ್ಸಿವರೆಗೆ ಓದಿದ ರೈತ. ತಿಳಿದಷ್ಟು ಬರೆದಿದ್ದೇನೆ, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ದೋಣಿಮಲೈ, ಸಂಡೂರು ಕಡೆಯವರು ರಾಯರ ದರ್ಶನಕ್ಕೆ ಹೋಗುವಾಗ ಮಂತ್ರಾಲಯ ರೋಡ್ ಸ್ಟೇಶನ್ನಿನಲ್ಲಿ ಇಳಿಯುವುದುಂಟು. ಆ ಸ್ಟೇಶನ್ ಇರುವ ಹಳ್ಳಿಯ ಹೆಸರೇ ತುಂಗಭದ್ರಾ. ಹಂಪಿ, ಕಂಪ್ಲಿ ದಾಟಿ ಹರಿದು ಹೋಗುವ ನಮ್ಮ ಹೊಳೆಯ ಹೆಸರೇ ಆ ಊರಿಗೂ ಇದೆ. ಈಗ ಅದು ಆಂಧ್ರದಲ್ಲಿದ್ದರೂ 1953ರವರೆಗೆ ನಮ್ಮ ಬಳ್ಳಾರಿ ಜಿಲ್ಲೆಗೇ ಸೇರಿತ್ತು. ಅಲ್ಲಿ ಒಬ್ಬ ಮಹನೀಯರು ಬಾಳಿ ಹೋದರು ಅನ್ನೋದು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು?

ಪಂಡಿತ ತಾರಾನಾಥರು 1891ರಲ್ಲಿ ಮಂಗಳೂರಿನಲ್ಲಿ ಹುಟ್ಟಿದವರು. ಹೈದರಾಬಾದಿನ ಕಡೆ ಬಂದು, ಕೊನೆಗೆ ರಾಯಚೂರಿನಲ್ಲಿ ನೆಲೆ ನಿಂತರು. ಆಗ ರಾಯಚೂರು ನಿಜಾಮರ ಆಳ್ವಿಕೆಯಲ್ಲಿತ್ತು. ಸರ್ಕಾರದ ವ್ಯವಹಾರವೆಲ್ಲ ಉರ್ದುವಿನಲ್ಲಿ. ಕನ್ನಡದ ಮಕ್ಕಳಿಗೆ ಓದು ಅಂದರೆ ಗಗನಕುಸುಮ. ಅಂಥ ಕಾಲದಲ್ಲಿ, 1920ರ ಸುಮಾರಿಗೆ, ತಾರಾನಾಥರು ಅಲ್ಲಿ ಒಂದು ಶಾಲೆ ಕಟ್ಟಿದರು. ಅದಕ್ಕೆ ಹಮ್‌ದರ್ದ್ ಎಂದು ಹೆಸರಿಟ್ಟರು. ಇನ್ನೊಬ್ಬರ ನೋವಿನಲ್ಲಿ ಪಾಲುಗೊಳ್ಳುವವನು ಎಂದು ಅದರ ಅರ್ಥ. ಹಿಂದೂ, ಮುಸ್ಲಿಂ ಎಂಬ ಭೇದ ಅಲ್ಲಿ ನಡೆಯಲಿಲ್ಲ.

ಇದು ಆಳುವವರ ಕಣ್ಣಿಗೆ ಬಿತ್ತು. ಅವರ ಸಿಟ್ಟಿಗೆ ಗುರಿಯಾಗಿ ರಾಯಚೂರು ಬಿಡಬೇಕಾಯಿತು. ಆಗ ಹೊಳೆಯ ಆಚೆ ನಿಜಾಮರದು, ಈಚೆ ಬ್ರಿಟಿಷರದು. ಪಂಡಿತರು ಹೊಳೆ ದಾಟಿ ಈಚೆ ಬಂದು, ತುಂಗಭದ್ರಾ ಗ್ರಾಮದಲ್ಲಿ ಪ್ರೇಮಾಯತನ ಎಂಬ ಆಶ್ರಮ ಕಟ್ಟಿದರು. ಕಳೆದುಕೊಂಡದ್ದಕ್ಕೆ ಕೊರಗುತ್ತಾ ಕೂರಲಿಲ್ಲ. ಬಂದ ರೋಗಿಗಳಿಗೆ ಗಿಡಮೂಲಿಕೆಯ ಔಷಧ ಕೊಟ್ಟರು. ಪ್ರೇಮ ಎಂಬ ಪತ್ರಿಕೆ ಹೊರಡಿಸಿದರು. ಧರ್ಮಸಂಭವ ಎಂಬ ಗ್ರಂಥ ಬರೆದರು. ಅಸ್ಪೃಶ್ಯತೆ ತಪ್ಪು, ಹೆಣ್ಣು ಗಂಡಿಗೆ ಸಮ ಎಂದು ಸಾರಿದರು. ಬರೀ ಸಾರಲಿಲ್ಲ, ತಾವೇ ಜಾತಿ ಬಿಟ್ಟು ತಮಿಳು ಮನೆತನದ ಸುಮತಿಬಾಯಿಯವರನ್ನು ಮದುವೆಯಾದರು.

ಸಂಗೀತವೆಂದರೆ ಅವರಿಗೆ ಪ್ರಾಣ. ಹಿಂದೂಸ್ತಾನಿ ಸಂಗೀತವನ್ನು ಚೆನ್ನಾಗಿ ಬಲ್ಲವರು. ಮಗನಿಗೂ ಮೊದಲ ಪಾಠ ತಾವೇ ಹೇಳಿಕೊಟ್ಟರು. ಆ ಮಗನೇ ಸರೋದ್ ವಾದನದಲ್ಲಿ ಲೋಕಪ್ರಸಿದ್ಧರಾಗಿ 2024ರಲ್ಲಿ ತೀರಿಕೊಂಡ ರಾಜೀವ ತಾರಾನಾಥರು. ಪಂಡಿತರು ಬರೆದ ದೀನಬಂಧು ಕಬೀರ ನಾಟಕದಲ್ಲಿ ನಮ್ಮ ಬಳ್ಳಾರಿ ರಾಘವರು ಕಬೀರರ ಪಾತ್ರ ಕಟ್ಟಿದರು. ನೇಕಾರ ಕಬೀರರ ಕಥೆಯನ್ನೇ ಆರಿಸಿಕೊಂಡದ್ದರಲ್ಲಿ ಪಂಡಿತರ ಮನಸ್ಸು ಎಂಥದು ಎಂದು ತಿಳಿಯುತ್ತದೆ.

1942ರಲ್ಲಿ ತಾರಾನಾಥರು ಕಣ್ಣು ಮುಚ್ಚಿದರು. ಐದೇ ವರ್ಷಕ್ಕೆ ದೇಶಕ್ಕೆ ಸ್ವಾತಂತ್ರ್ಯ ಬಂತು, 1948ರಲ್ಲಿ ನಿಜಾಮರ ಆಡಳಿತವೂ ಹೋಯಿತು. ಎರಡನ್ನೂ ನೋಡಲು ಅವರಿರಲಿಲ್ಲ. ಆದರೆ ಅವರನ್ನು ಊರು ಬಿಡಿಸಿದರೂ ಅವರು ನೆಟ್ಟ ಶಾಲೆ ಒಣಗಲಿಲ್ಲ. ನಾಲ್ಕು ಜನ ಕೈ ಹಿಡಿದು ನಡೆಸಿದ್ದಕ್ಕೆ ಅದು ಬೆಳೆಯಿತು. ರಾಯಚೂರಿನಲ್ಲಿ ಅವರ ಹೆಸರಿನ ಶಿಕ್ಷಣ ಸಂಸ್ಥೆ ಇವತ್ತಿಗೂ ಇದೆ.

ಇದನ್ನೆಲ್ಲ ಯಾಕೆ ಬರೆದೆ ಅಂದರೆ, ನಾನೂ ಒಬ್ಬ ನಿರ್ದೇಶಕ. ಸಾಲದ ಅರ್ಜಿ ಮುಂದೆ ಬಂದಾಗ ಹೊಲ ಎಷ್ಟು, ಬೆಳೆ ಏನು ಎಂದು ನೋಡುವ ಮೊದಲು ಇವನು ಯಾರ ಪೈಕಿ ಎಂದು ನೋಡಿದ್ದೇನೆ. ಸುಳ್ಳು ಯಾಕೆ ಹೇಳಲಿ? ಇಪ್ಪತ್ತೈದು ವರ್ಷದಲ್ಲಿ ನಮ್ಮ ಸಂಘಕ್ಕೆ ಗೋದಾಮು ಬಂತು, ಶೇರು ಬಂಡವಾಳ ಬೆಳೆಯಿತು. ಹಮ್‌ದರ್ದ್ ಎಂಬ ಮಾತಿನ ಅರ್ಥ ಮಾತ್ರ ನಾವು ಇನ್ನೂ ಕಲಿಯಬೇಕಾಗಿದೆ. ಸಹಕಾರ ಅಂದರೂ ಅದೇ ತಾನೇ?

ಮುಂದಿನ ಸಲ ಮಂತ್ರಾಲಯಕ್ಕೆ ಹೋದಾಗ ರಾಯರಿಗೆ ಕೈ ಮುಗಿಯಿರಿ. ಸ್ಟೇಶನ್ನಿನಲ್ಲಿ ಇಳಿದಾಗ ಈ ಪುಣ್ಯಾತ್ಮರನ್ನೂ ಒಮ್ಮೆ ನೆನೆಯಿರಿ ಎಂದು ವಿನಂತಿಸಿ, ನನ್ನ ಬರಹ ಮುಗಿಸುತ್ತೇನೆ.